ಪೇಟೆಬೀದಿಯಲ್ಲಿ ಎದ್ದ ದಾರದ ಕಟ್ಟಡ

ಕಳೆದ ವಾರ ಶಿರಾದ ಪೇಟೆಬೀದಿಯಲ್ಲಿ ನನ್ನ ಕಟ್ಟಡ ಎದ್ದು ನಿಂತಿತು. ಇಟ್ಟಿಗೆಯಿಲ್ಲ, ಸಿಮೆಂಟಿಲ್ಲ. ಬಿದಿರಿನ ಗಳ, ಬಿಳಿ ದಾರ... ಅಷ್ಟೇ.

ಪೇಟೆಯೊಳಗೆ ಕಟ್ಟುವ ನಿಯಮ ಈಗ ಬದಲಾಗಿದೆ. ಮೊದಲು ಪ್ಲಾನ್ ಕಚೇರಿಯೊಳಗೇ ಪಾಸಾಗುತ್ತಿತ್ತು, ಅಕ್ಕಪಕ್ಕದವರಿಗೆ ಗೊತ್ತಾಗುತ್ತಿದ್ದದ್ದು ಪಾಯ ತೋಡುವಾಗ.

ಈಗ ಕಟ್ಟಡದ ಪೂರ್ತಿ ಎತ್ತರಕ್ಕೆ ಗಳ ನೆಟ್ಟು, ದಾರ ಎಳೆದು ತೋರಿಸಬೇಕು. ಊರು ನೋಡುತ್ತದೆ. ಆಮೇಲೆ ಬೀದಿಯಲ್ಲೇ ಸಭೆ.

ನನಗೆ ಇದು ಕಿರಿಕಿರಿ ಅನ್ನಿಸಿತ್ತು. ಅಪ್ಪ ಕಡಲೆಕಾಯಿ ವ್ಯಾಪಾರ ಮಾಡುತ್ತಿದ್ದ ಜಾಗ ಅದು. ಕೆಳಗೆ ಅಂಗಡಿ, ಮೇಲೆ ಬಾಡಿಗೆಗೆ ಆಫೀಸು, ಅದರ ಮೇಲೆ ನನ್ನದೇ ಟ್ಯೂಷನ್ ಕ್ಲಾಸು ಎಂದು ಲೆಕ್ಕ ಹಾಕಿದ್ದೆ. ಕಂಡವರ ರೂಮುಗಳಲ್ಲಿ ಪಾಠ ಹೇಳಿ ಸಾಕಾಗಿತ್ತು.

ದಾರ ಎಳೆದು ಮುಗಿಸುವಷ್ಟರಲ್ಲಿ ಎದುರಿನ ಹೂವಿನ ರತ್ನಮ್ಮ ಕೂಗಿದಳು: "ಏನಕ್ಕಾ, ಪೆಂಡಾಲ್ ಹಾಕ್ಸಿದ್ದೀಯ? ಯಾವ್ ದೇವ್ರನ್ನ ಕೂರಿಸ್ತೀಯ?"

ಅಲ್ಲ ಎಂದು ಹೇಳಿದರೂ ನಂಬಲಿಲ್ಲ. ಸಂಜೆ ನೋಡಿದರೆ ಯಾರೋ ಗಳಕ್ಕೆ ಮಾವಿನ ಎಲೆಯ ತೋರಣ ಕಟ್ಟಿದ್ದರು!

ಗಾಳಿ ಬಂದಾಗ ಇಡೀ ಕಟ್ಟಡ ಉಸಿರೆಳೆದುಕೊಂಡಂತೆ ಅಲುಗುತ್ತಿತ್ತು. ಗಿಳಿಗಳ ಹಿಂಡೊಂದು ನನ್ನ ಕ್ಲಾಸಿನ ಗೋಡೆ ಹಾದು ಆಚೆಗೆ ಹೋಯಿತು. ಬೋರ್ಡು ಇರಬೇಕಾದ ಕಡೆ ಸೂರ್ಯ ಇಳಿಯುತ್ತಿದ್ದ...

ಎಷ್ಟು ಹೊತ್ತು ನಿಂತಿದ್ದೆನೋ. ಆಮೇಲೆ ಏನೋ ನೆನಪಾಗಿ ಹಿಂದಿನ ಮನೆಯ ಶಮೀಮಕ್ಕನ ತಾರಸಿ ಹತ್ತಿದೆ.

ರಂಜಾನಿನ ಚಂದ್ರನನ್ನು ನಮ್ಮ ಬೀದಿ ನೋಡುವುದು ಅಲ್ಲಿಂದಲೇ. ನನ್ನ ಅಮ್ಮನೂ ಸೆರಗು ಹೊದ್ದು ಹೋಗುತ್ತಿದ್ದಳು. ಚೌತಿಯ ರಾತ್ರಿ ಮಾತ್ರ ಅದೇ ಚಂದ್ರನನ್ನು ನೋಡಬಾರದೆಂದು ನಮ್ಮ ಕಣ್ಣು ಮುಚ್ಚುತ್ತಿದ್ದಳು.

"ಬಾ ಬಾ, ನಿನ್ ಬಂಗ್ಲೆ ಇಲ್ಲಿಂದ ಚೆನ್ನಾಗ್ ಕಾಣ್ತೈತೆ" ಎಂದರು ಶಮೀಮಕ್ಕ.

ಪಡುವಣಕ್ಕೆ ನೋಡಿದೆ. ನನ್ನ ತೀರಾ ಮೇಲಿನ ದಾರದ ಕೆಳಗೆ ಆಕಾಶದ ಅಂಚು ಪೂರ್ತಿ ಸೇರಿಹೋಗಿತ್ತು. ಗೋಡೆ ಬಂದರೆ ಮೊದಲ ದಿನದ ಚಂದ್ರ ಅದರ ಹಿಂದೆಯೇ ಇದ್ದು ಅಲ್ಲೇ ಮುಳುಗುತ್ತಾನೆ.

"ಅಕ್ಕಾ, ಇನ್ಮೇಲೆ ಚಾಂದ್ ಹೇಗೆ ನೋಡ್ತೀರಿ?"

"ಫೋನ್‌ನಾಗೆ ಬತ್ತದೆ ಬುಡು. ನಿನ್ ತಾರಸಿಗೇ ಬರಾಣ ಅಂದ್ರೆ ಈ ಮೊಣಕಾಲು ಅಷ್ಟೆತ್ರ ಹತ್ತಬೇಕಲ್ಲ ಕಣಮ್ಮ."

ನಗುತ್ತಲೇ ಹೇಳಿದರು. ಕಣ್ಣು ಮಾತ್ರ ದಾರದ ಮೇಲೇ ಇತ್ತು.

"ಸಭೆಯಲ್ಲಿ ಹೇಳಿ ಅಕ್ಕಾ."

"ಲಂಗ ಹಾಕ್ಕೊಂಡು ನಮ್ಮನೇಲಿ ಆಡ್ದೋಳ್ ಮೇಲೆ ನಾನ್ ತಕರಾರ್ ಹಾಕ್ಲಾ? ಹೋಗೇ, ಹೋಗು!"

ಸಭೆಯ ದಿನ ಬೀದಿಯವರೆಲ್ಲ ಕುರ್ಚಿ ತಂದು ಕೂತಿದ್ದರು. ಅಧಿಕಾರಿ ಆಕ್ಷೇಪಣೆ ಇದೆಯೇ ಎಂದು ಕೇಳಿದರು, ಮತ್ತೆ ಕೇಳಿದರು. ಎಲ್ಲರೂ ನನ್ನ ಕಡೆ ನೋಡಿ ಮುಗುಳ್ನಗುತ್ತಾರೆ. ಶಮೀಮಕ್ಕ ರತ್ನಮ್ಮನ ಹೂವಿನ ಬುಟ್ಟಿ ನೋಡುತ್ತಿದ್ದಾರೆ.

ಅಧಿಕಾರಿ ಪೆನ್ನಿನ ಕ್ಯಾಪ್ ಮುಚ್ಚುತ್ತಿದ್ದಂತೆ ನಾನು ಕೈ ಎತ್ತುತ್ತೇನೆ.

"ಮೇಡಂ, ಇದು ನಿಮ್ದೇ ಕಟ್ಟಡ ಅಲ್ವಾ?"

"ಹೌದು. ಮೇಲಿನ ಮಹಡಿಗೆ ನನ್ನ ಆಕ್ಷೇಪಣೆ ಇದೆ."

"ಲೇ ಇವ್ಳೇ, ಹುಚ್ಚಾ ನಿಂಗೆ?" ಎಂದು ಶಮೀಮಕ್ಕ ಎಲ್ಲರೆದುರೇ ಬೈದರು. ಬೈಯುತ್ತ ಬೈಯುತ್ತ ದುಪಟ್ಟಾದಿಂದ ಕಣ್ಣು ಒರೆಸಿಕೊಂಡರು.

ಮರುದಿನ ಮೇಲಿನ ದಾರ ಇಳಿಸಿದೆವು. ಆಫೀಸಿನ ಬಾಡಿಗೆಯ ಆಸೆ ಬಿಟ್ಟು ಅಲ್ಲೇ ಕ್ಲಾಸು ಮಾಡಬೇಕೋ, ಇನ್ನಷ್ಟು ವರ್ಷ ಕಂಡವರ ರೂಮಿನಲ್ಲೇ ಪಾಠ ಹೇಳಬೇಕೋ, ಇನ್ನೂ ಗೊತ್ತಿಲ್ಲ. ಮಾಡಿದ್ದು ಸರಿಯೇ ಎಂದು ದಿನಕ್ಕೊಮ್ಮೆ ಅನುಮಾನ ಬರುತ್ತದೆ.

ದಾರ ಕಟ್ಟಿಸಿದ ಆ ನಿಯಮ ನನಗೆ ಆಕಾಶ ತೋರಿಸಿತು, ಒಪ್ಪುತ್ತೇನೆ. ಆದರೆ ದಾಕ್ಷಿಣ್ಯಕ್ಕೆ ಬಾಯಿ ಕಟ್ಟಿಕೊಳ್ಳುವ ನಮ್ಮಂಥ ಬೀದಿಗಳಲ್ಲಿ "ಆಕ್ಷೇಪಣೆ ಇದೆಯೇ" ಎಂದು ಕೇಳಿಬಿಟ್ಟರೆ ಸಾಕೇ, ನೀವೇ ಹೇಳಿ?