ಟೈಲರ್ ಅಕ್ಕನ ಪೊಟ್ಯಾಶಿಯಂ

ಹಾನಗಲ್ಲಿನಲ್ಲಿ ನಮ್ಮ ಪಕ್ಕದ ಮನೆಯ ಟೈಲರ್ ಅಕ್ಕನಿಗೆ ಲೂಪಸ್ ಇತ್ತು. ದೇಹ ತನ್ನನ್ನೇ ಶತ್ರುವೆಂದು ತಿಳಿದು ಹೊಡೆಯುವ ಕಾಯಿಲೆ. ಕೀಲುಗಳು ಬಾತಿದ್ದರೂ ಮಷಿನ್ ತುಳಿಯುತ್ತ, "ನನಗ ನಾನ ಆಗಿಬರಂಗಿಲ್ರಿ" ಎಂದು ನಗುತ್ತಿದ್ದರು. ಮೊಬೈಲಿನಲ್ಲಿ ವಿಡಿಯೊ ನೋಡಿಯೇ ಅರ್ಧ ಡಾಕ್ಟರಾಗಿದ್ದ ನಾನು, ಅವರ ಕಾಲು ಸೋತರೂ ಕೈ ಸೆಟೆದುಕೊಂಡರೂ "ಅದು ಲೂಪಸ್ಸ ರೀ" ಎಂದು ತೀರ್ಪು ಕೊಡುತ್ತಿದ್ದೆ.

ಒಂದು ಬೆಳಿಗ್ಗೆ ಅವರಿಗೆ ಮಷಿನ್ ಮುಂದಿನಿಂದ ಏಳಲಾಗಲಿಲ್ಲ. ಎತ್ತಲು ಹೋದ ನಾನೂ ಪಕ್ಕದಲ್ಲೇ ಬಿದ್ದೆ.

"ನಿಮಗೂ ಲೂಪಸ್ ಏನ್ರಿ?" ಎಂದರು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನೋಡಿದರೆ ಅಕ್ಕನ ರಕ್ತದಲ್ಲಿ, ಸ್ನಾಯುಗಳು ಕೆಲಸ ಮಾಡಲು ಬೇಕಾದ ಪೊಟ್ಯಾಶಿಯಂ ಎಂಬ ಲವಣ ತೀರಾ ಇಳಿದಿತ್ತು. ಎಲ್ಲ ಪರೀಕ್ಷೆಗಳ ಬಳಿಕ ಡಾಕ್ಟರು, ಇದು ಲೂಪಸ್ಸಿನಿಂದ ಬಂದದ್ದಲ್ಲ, ಹುಟ್ಟಿನಿಂದಲೇ ಇವರ ಮೂತ್ರಪಿಂಡ ಪೊಟ್ಯಾಶಿಯಂ ಹಿಡಿದಿಟ್ಟುಕೊಳ್ಳುವುದಿಲ್ಲ, ತಂದೆ, ತಾಯಿ ಇಬ್ಬರಿಂದಲೂ ಬಂದ ದೋಷವಿದು, ಒಡಹುಟ್ಟಿದವರಿಗೂ ಇರಬಹುದು ಎಂದರು.

ಅಕ್ಕ ಹಾಸಿಗೆಯಿಂದಲೇ ಚಿಕ್ಕೇರೂರಿನ ತಂಗಿಗೆ ಫೋನ್ ಮಾಡಿದರು. ಸದಾ ಸುಸ್ತೆನ್ನುವ ಆ ತಂಗಿಯನ್ನು ಅವಳ ಅತ್ತೆ ಮೈಗಳ್ಳಿ ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ಅವಳಿಗೂ ಅದೇ ದೋಷ ಕಂಡಿತು. ಇಬ್ಬರಿಗೂ ಮಾತ್ರೆ ಶುರುವಾಯಿತು.

ಚೇತರಿಸಿಕೊಂಡ ಮೇಲೆ ಅಕ್ಕ ಚಿಕ್ಕೇರೂರಿಗೆ ಹೋದರು. ನಾನೂ ಹೋಗಿದ್ದೆ, ಈ ಸಲ ಬಾಯಿ ಮುಚ್ಚಿಕೊಂಡು. ಅಕ್ಕ ಆ ಅತ್ತೆಯ ಎದುರು ಕುಳಿತು ಹೇಳಿದರು: "ಅಪ್ಪನ ಹೊಲ ನಮ್ಮ ಅಣ್ಣಗ ಹೋತ್ರಿ. ಈ ಜಡ್ಡ ಮಾತ್ರ ಅಪ್ಪ, ಅವ್ವ ಇಬ್ರೂ ಕೂಡಿ ನಮಗ ಕೊಟ್ಟಾರ. ಅಕಿ ಮೈಗಳ್ಳಿ ಅಲ್ರಿ."

ಅತ್ತೆ ಸೊಸೆಗೆ ಕೂರಲು ಹೇಳಿ, ತಾವೇ ಚಹಾ ಮಾಡಲು ಎದ್ದರು.