ನಾರಾವಿಯಿಂದ ಬಂದ ಎಟಿವಿ

ನಾನು ಬಿ.ಸಿ.ರೋಡಿನಲ್ಲಿ ತಾಲೂಕು ಕಚೇರಿಯ ಹತ್ತಿರ ಅರ್ಜಿ ಟೈಪ್ ಮಾಡಿಕೊಡುವವನು. ಬೆಳಿಗ್ಗೆಯಿಂದ ಸಂಜೆಯ ತನಕ ಜನ ನನ್ನ ಮೇಜಿನ ಎದುರು ಕುಳಿತು ತಮಗೆ ಯಾರು ಹೇಗೆ ಮೋಸ ಮಾಡಿದರು ಎಂದು ಹೇಳುತ್ತಾರೆ. ಅಣ್ಣ ರಾತ್ರೋರಾತ್ರಿ ಗಡಿಕಲ್ಲು ಸರಿಸಿದ್ದು, ಸತ್ತವರ ಹೆಬ್ಬೆಟ್ಟು ಕಾಗದದ ಮೇಲೆ ಬಂದು ಕುಳಿತದ್ದು, ನೆರೆಮನೆಯವ ನಗುನಗುತ್ತಲೇ ಬಾವಿಯ ದಾರಿ ಮುಚ್ಚಿದ್ದು. ನಾನು ಅದನ್ನೆಲ್ಲ 'ಮಾನ್ಯರೇ' ಎಂದು ಶುರು ಮಾಡಿ, 'ತಮ್ಮ ವಿಶ್ವಾಸಿ' ಎಂದು ಮುಗಿಸುತ್ತೇನೆ. ಇಪ್ಪತ್ತು ವರ್ಷ ಇದನ್ನೇ ಮಾಡಿದವನಿಗೆ ವಿಶ್ವಾಸ ಎನ್ನುವುದು ಕಾಗದದ ಕೊನೆಯ ಸಾಲಿನಲ್ಲಷ್ಟೇ ಉಳಿಯುತ್ತದೆ.

ನನ್ನ ಸಂಶಯಕ್ಕೆ ಇನ್ನೊಂದು ಕಾರಣವೂ ಇದೆ. ಎರಡು ವರ್ಷದವನಿದ್ದಾಗ ಪೋಲಿಯೊ ಬಂದು ಎಡಗಾಲು ಸಣ್ಣದಾಯಿತು. ಕಾಲು ನೋಡಿದ ತಕ್ಷಣ ಜನರ ದನಿ ಮೆತ್ತಗಾಗುತ್ತದೆ, ನನಗೆ ಮೈ ಉರಿಯುತ್ತದೆ. ಪಕ್ಕಕ್ಕೆ ಎರಡು ಚಕ್ರ ಹಾಕಿಸಿದ ಸ್ಕೂಟರಿನಲ್ಲಿ ಪುಂಜಾಲಕಟ್ಟೆಯ ಮನೆಯಿಂದ ದಿನಾ ಹೋಗಿ ಬರುತ್ತೇನೆ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮದುವೆ ಮುಂಜಿಗಳಿಗೂ ಹೋಗುತ್ತೇನೆ. ಆದರೆ ಡಾಂಬರು ಮುಗಿದಲ್ಲಿ ನನ್ನ ಸ್ಕೂಟರಿನ ಆಟವೂ ಮುಗಿಯುತ್ತದೆ.

ಪುಂಜಾಲಕಟ್ಟೆಯಲ್ಲಿ ಬೈಕ್ ರಿಪೇರಿಯ ಗ್ಯಾರೇಜ್ ಇಟ್ಟಿರುವ ಗೆಳೆಯನೊಬ್ಬನಿದ್ದಾನೆ. ಒಂದನೇ ಕ್ಲಾಸಿನಿಂದ ಜೊತೆಗಿದ್ದವನು. ಭಾನುವಾರಗಳಲ್ಲಿ ಅವನೂ ಅವನ ಬಳಗವೂ ಕೊಕ್ಕಡದ ಒಂದು ರಬ್ಬರ್ ತೋಟದೊಳಗಿನ ಮಣ್ಣುದಾರಿಯಲ್ಲಿ ಬೈಕ್ ಹತ್ತಿಸಿ, ಗುಡ್ಡದ ನೆತ್ತಿಯ ಕೆಂಪು ಮುರಕಲ್ಲಿನ ಬಯಲಿಗೆ ಹೋಗುತ್ತಾರೆ. ಪದವು ಎನ್ನುತ್ತೇವೆ ನಾವು ಅದನ್ನು. ತೋಟದ ಯಜಮಾನರ ಒಪ್ಪಿಗೆ ಇದೆ. ನಾನು ರಬ್ಬರ್ ಶೀಟು ಒಣಗಿಸುವ ಹೊಗೆಮನೆಯ ತನಕ ಪಿಕಪ್‌ನಲ್ಲಿ ಹೋಗಿ, ಅಲ್ಲಿ ತಿನ್ನಲು ತಂದ ಗೋಳಿಬಜೆಯ ಪೊಟ್ಟಣ ಕಾಯುತ್ತಾ ಕುಳಿತುಕೊಳ್ಳುತ್ತಿದ್ದೆ. ಎರಡು ಗಂಟೆ ಕಳೆದ ಮೇಲೆ ಅವರು ಕೆಂಪು ಧೂಳು ಹೊತ್ತು ಇಳಿದು ಬಂದು, ಇವತ್ತು ಕುದುರೆಮುಖದ ಸಾಲು ಪೂರ್ತಿ ಕಾಣುತ್ತಿತ್ತು ಎಂದು ಮೊಬೈಲ್ ತೋರಿಸುತ್ತಿದ್ದರು. ನಾಲ್ಕು ಜನ ಸೇರಿದರೆ ನಿನ್ನನ್ನು ಎತ್ತಿಕೊಂಡೇ ಹೋಗಬಹುದು ಎಂದು ಗೆಳೆಯ ಒಮ್ಮೆ ಹೇಳಿದ. ಆ ದಿನ ನಾನು ಅವನೊಡನೆ ಮಾತಾಡಲಿಲ್ಲ. ನನಗೆ ಬೇಕಾಗಿದ್ದು ಇಷ್ಟೇ: ಯಾರ ಹೆಗಲೂ ಹಿಡಿಯದೆ, ನನ್ನ ಕೈಯಿಂದಲೇ ಗಾಡಿ ಓಡಿಸಿ, ಆ ಪದವಿನ ಮೇಲೆ ಹೋಗಿ ನಿಲ್ಲಬೇಕು.

ಎಟಿವಿಯ ಮಾತು ತೆಗೆದವನು ಅವನೇ. ದಪ್ಪ ಟಯರಿನ, ನಾಲ್ಕು ಚಕ್ರದ, ಬೈಕಿನ ಹಾಗೆ ಹ್ಯಾಂಡಲ್ ಇರುವ ಗಾಡಿ. ಗೇರ್ ತಾನಾಗಿ ಬದಲಾಗುವಂಥದ್ದು ಸಿಕ್ಕಿದರೆ ಎಡಗಾಲಿಗೆ ಕೆಲಸವೇ ಇಲ್ಲ. ಎಕ್ಸಲೇಟರ್ ಬಲಗೈಯ ಹೆಬ್ಬೆರಳಲ್ಲಿ, ಬ್ರೇಕು ಕೈಯಲ್ಲಿ ಮತ್ತು ಬಲಗಾಲಲ್ಲಿ. ರಸ್ತೆಗೆ ಇಳಿಸುವ ಹಾಗಿಲ್ಲ, ತೋಟದ ತನಕ ಪಿಕಪ್‌ನಲ್ಲಿ ಸಾಗಿಸಬೇಕು. ಅದು ನನಗೆಂದೇ ಮಾಡಿದ ಗಾಡಿ ಎಂದು ಗೊತ್ತಾದ ಕ್ಷಣದಲ್ಲೇ ನನಗೆ ಬಂದ ಯೋಚನೆ, ಇವನಿಗೆ ಇದರಲ್ಲಿ ಕಮಿಷನ್ ಎಷ್ಟು ಎಂಬುದು. ಕೇಳಿಯೂ ಬಿಟ್ಟೆ. ಅವನು ಕೈಯಲ್ಲಿದ್ದ ಸ್ಪಾನರ್ ಕೆಳಗಿಟ್ಟು ನನ್ನ ಮುಖ ನೋಡಿ, ನೀನು ಅರ್ಜಿ ಟೈಪ್ ಮಾಡಿಯೇ ಹಾಳಾದೆ ಅಂದ.

ಮೊದಲು ನೋಡಿದ್ದು ಮೂಡುಬಿದಿರೆಯ ಒಂದು ಅಂಗಡಿಯಲ್ಲಿ. ನಾವು ಒಳಗೆ ಕಾಲಿಟ್ಟ ಕೂಡಲೇ ಅಂಗಡಿಯವನು ನನಗೆ ಕುರ್ಚಿ ತಂದಿಟ್ಟ, ಗೆಳೆಯನಿಗೆ ತರಲಿಲ್ಲ. ಅಲ್ಲಿಗೇ ನನ್ನ ಕಿವಿ ನೆಟ್ಟಗಾಯಿತು. ಕೆಂಪು ಬಣ್ಣದ ಹೊಸ ಗಾಡಿ, ಮೇಲೆ ಕುಳಿತರೆ ಮೊಣಕಾಲು ಎದೆಗೆ ಬರುತ್ತಿತ್ತು. ಇದು ಮಕ್ಕಳಿಗಿರುವುದಲ್ಲವೇ ಎಂದು ಕೇಳಿದ್ದಕ್ಕೆ, ನಿಮ್ಮಂಥವರಿಗೆ ಇದೇ ಸೇಫ್ ಸರ್ ಎಂದ. ನಿಮ್ಮಂಥವರು ಅಂದರೆ ಎಂಥವರು ಎಂದು ಕೇಳಿದೆ. ಗೆಳೆಯ ನನ್ನನ್ನು ಹೊರಗೆ ಎಳೆದುಕೊಂಡು ಬಂದ.

ಎರಡನೆಯದು ಬಂಟ್ವಾಳದಲ್ಲೊಬ್ಬರ ಶೆಡ್ಡಿನಲ್ಲಿ ಟರ್ಪಾಲು ಹೊದ್ದು ನಿಂತಿತ್ತು. ತೋಟದಲ್ಲಿ ಮಾತ್ರ ಓಡಿದ್ದು ಎಂದು ಅವರು ಮೂರು ಸಲ ಹೇಳಿದರು. ಒಂದು ಸಲ ಹೇಳಿದ್ದರೆ ನಂಬುತ್ತಿದ್ದೆನೋ ಏನೋ. ಕಡಲ ತೀರದಲ್ಲಿ ಪ್ರವಾಸಿಗರನ್ನು ಸುತ್ತಿಸಿ ಸುಸ್ತಾದ ಗಾಡಿಗಳನ್ನು ಬಣ್ಣ ಹೊಡೆದು ಒಳನಾಡಿಗೆ ಮಾರುತ್ತಾರೆ ಎಂದು ಯಾರೋ ಹೇಳಿದ್ದು ತಲೆಯಲ್ಲಿತ್ತು. ನಾನು ಕಷ್ಟಪಟ್ಟು ಬಗ್ಗಿ, ಗಾಡಿಯ ಅಡಿಯ ಕಬ್ಬಿಣದ ಮೇಲೆ ಬೆರಳು ಎಳೆದು ನಾಲಿಗೆಗೆ ಹಚ್ಚಿ ನೋಡಿದೆ. ಉಪ್ಪು! ಅವರು ಬಾಯಿ ಬಿಟ್ಟು ನೋಡುತ್ತಾ ನಿಂತರು. ಹೊರಗೆ ಬಂದ ಮೇಲೆ ಗೆಳೆಯ, ಅದು ನಿನ್ನ ಬೆರಳಿನ ಬೆವರೂ ಆಗಿರಬಹುದಲ್ಲ ಅಂದ. ಆಗಿರಬಹುದು. ಆದರೂ ಆ ಗಾಡಿ ಬೇಡವೆನಿಸಿತು.

ಮೂರನೆಯದು ನಾರಾವಿಯಲ್ಲಿ. ಅರುವತ್ತು ದಾಟಿದ ಜೈನರೊಬ್ಬರು, ಹಳೆಯ ಮನೆತನದವರು. ವಿಶಾಲವಾದ ತೋಟ ಸುತ್ತಲೆಂದು ತೆಗೆದುಕೊಂಡ ಗಾಡಿ. ಈಗ ಬೆನ್ನು ನೋವು, ಡಾಕ್ಟರು ಕುಲುಕಾಟ ಬೇಡ ಅಂದಿದ್ದಾರಂತೆ. ಅವರು ನನಗೆ ಕುರ್ಚಿ ತರಲಿಲ್ಲ, ದನಿಯನ್ನೂ ಮೆತ್ತಗೆ ಮಾಡಲಿಲ್ಲ. ಕೀಲಿ ಕೈಗಿಟ್ಟು, ಹೋಗಿ ಬನ್ನಿ ಅಂದರು. ತೋಟದ ಏರನ್ನು ಗಾಡಿ ಒಂದೇ ಉಸಿರಿಗೆ ಹತ್ತಿತು. ಹೆಬ್ಬೆರಳು ಒತ್ತಿದ ಹಾಗೆ ಇಡೀ ನೆಲ ನನ್ನ ಕೆಳಗೆ ಹಿಂದಕ್ಕೆ ಸರಿಯುತ್ತಿತ್ತು. ಇಳಿದು ಬಂದು ಇನ್ನೊಮ್ಮೆ ಹತ್ತಿದೆ. ಇಷ್ಟು ಒಳ್ಳೆಯದನ್ನು ಯಾರಾದರೂ ಯಾಕೆ ಮಾರುತ್ತಾರೆ ಎಂಬ ಯೋಚನೆ ಬಂದದ್ದೂ ಆಗಲೇ.

ಆಮೇಲೆ ಮಾಡಿದ್ದನ್ನು ಬರೆಯಲು ಈಗಲೂ ಮುಜುಗರವಾಗುತ್ತದೆ. ಅವರ ಅಂಗಳದ ಬದಿಯಲ್ಲಿ ಮನೆಯ ದೈವದ ಚಾವಡಿ ಇತ್ತು. ನಮ್ಮ ಕಡೆ ಕೋರ್ಟಿನಲ್ಲಿ ಸುಳ್ಳು ಹೇಳುವವರಿದ್ದಾರೆ. ದೈವದ ಎದುರು ಸುಳ್ಳು ಹೇಳುವವರು ಇಲ್ಲವೆಂದೇ ಹೇಳಬೇಕು. ನಾನು ಅವರಿಗೆ, "ಗಾಡಿ ಮಗುಚಿಲ್ಲ, ಇಂಜಿನ್ ಬಿಚ್ಚಿಲ್ಲ ಅಂತ ಚಾವಡಿಯ ಎದುರು ಒಂದು ಮಾತು ಹೇಳ್ತೀರಾ?" ಎಂದೆ. ಗೆಳೆಯ ನನ್ನ ಬಲಗಾಲನ್ನು ಬಲವಾಗಿ ತುಳಿದ. ಹಿರಿಯರು ಕಾಲು ತೊಳೆದು ಚಾವಡಿಯ ಎದುರು ನಿಂತು, ಇಂಜಿನ್ ಬಿಚ್ಚಿಲ್ಲ, ಮಗುಚಿಲ್ಲ, ಒಂದು ಸಲ ನೀರಿನ ತೋಡಿಗೆ ಜಾರಿ ಎಡಬದಿಯ ಮಡ್‌ಗಾರ್ಡ್ ಒಡೆದದ್ದು ಹೌದು, ಇದಕ್ಕಿಂತ ಹೆಚ್ಚಿನದ್ದು ನನಗೆ ಗೊತ್ತಿಲ್ಲ ಎಂದು ಹೇಳಿದರು. ಯಾರೇ ಆದರೂ ಅಲ್ಲಿಗೆ ನೆಮ್ಮದಿಯಾಗಬೇಕಿತ್ತು. ನನಗೆ ಮಾತ್ರ, ದೊಡ್ಡದನ್ನು ಮುಚ್ಚಲು ಸಣ್ಣದೊಂದನ್ನು ಒಪ್ಪಿಕೊಂಡರೇ ಎಂದು ಅನಿಸಿತು. ಆದರೂ ವ್ಯಾಪಾರ ಮುಗಿಸಿದೆ. ನಾಲ್ಕು ದಿನ ಬಿಟ್ಟು ಅವರೇ ಗಾಡಿಯನ್ನು ಪಿಕಪ್‌ನಲ್ಲಿ ಕಳಿಸಿಕೊಟ್ಟರು.

ಗಾಡಿ ಮನೆಗೆ ಬಂದಾಗ ಹೆಂಡತಿ ಹೆಚ್ಚೇನೂ ಹೇಳಲಿಲ್ಲ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ, ಮಾತು ಕಡಿಮೆ. ಗಾಡಿಯ ಜೊತೆಗೆ ಬಂದ ಪುಸ್ತಕವನ್ನು ನಾನು ಕಿಟಕಿಯ ಮೇಲೆ ಎಸೆದಿದ್ದೆ. ಅವಳು ಅದನ್ನು ಎತ್ತಿಕೊಂಡು, ಹೊಲಿಗೆಯ ಮೆಷಿನಿನ ಮುಂದೆ ಕುಳಿತು ಚಿತ್ರಗಳನ್ನು ನೋಡುತ್ತಿದ್ದಳು. ನಾನು ಎಲ್ಲರನ್ನೂ ಸಂಶಯಿಸಿದವನು, ಅವಳನ್ನು ಮಾತ್ರ ಸಂಶಯಿಸಿದವನಲ್ಲ. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ನನ್ನ ಕಾಲಿಗಾಗಿ ದನಿ ಮೆತ್ತಗೆ ಮಾಡದವಳು ಅವಳೊಬ್ಬಳೇ.

ಭಾನುವಾರ ಕೊಕ್ಕಡಕ್ಕೆ ಹೋದೆವು. ಹೊಗೆಮನೆಯ ಎದುರು ಗಾಡಿ ಇಳಿಸಿ, ಹೆಲ್ಮೆಟ್ ಹಾಕಿ, ಎಲ್ಲರಿಗಿಂತ ಮುಂದೆ ಹೊರಟೆ. ಸಮತಟ್ಟಿನಲ್ಲಿ ಎತ್ತಿನಗಾಡಿಯ ವೇಗ. ಹೆಬ್ಬೆರಳು ಒತ್ತಿದರೆ ಎಕ್ಸಲೇಟರ್ ಅರ್ಧದಲ್ಲೇ ನಿಲ್ಲುತ್ತಿತ್ತು. ಮೊದಲನೆಯ ಏರಿನಲ್ಲೇ ಇಂಜಿನ್ ಏದುಸಿರು ಬಿಟ್ಟು ನಿಂತೇ ಹೋಯಿತು. ಹಿಂದಿನಿಂದ ಬಂದ ನಾಲ್ವರು ಬೈಕ್ ನಿಲ್ಲಿಸಿ ಗಾಡಿಯನ್ನೂ ನನ್ನನ್ನೂ ಸೇರಿಸಿ ತಳ್ಳತೊಡಗಿದರು. ನಾನು ಯಾವುದಕ್ಕೆ ಹೆದರಿ ಇಷ್ಟು ವರ್ಷ ಹೊಗೆಮನೆಯಲ್ಲಿ ಕುಳಿತಿದ್ದೆನೋ ಅದೇ ನಡೆಯುತ್ತಿತ್ತು. ಬಿಡಿ ಎಂದು ಕಿರುಚಿದೆ. ಗೆಳೆಯ ಪ್ಲಗ್ ನೋಡಿದ, ಏರ್ ಫಿಲ್ಟರ್ ನೋಡಿದ, ಎಟಿವಿ ನನಗೂ ಹೊಸತು ಮಾರಾಯ ಎಂದು ಕೈ ಒರೆಸಿಕೊಂಡ.

ನನಗೆ ಎಲ್ಲವೂ ಸ್ಪಷ್ಟವಾಗಿತ್ತು. ನಾರಾವಿಯಲ್ಲಿ ಓಡಿಸಿದ್ದು ಒಂದು, ಮನೆಗೆ ಬಂದದ್ದು ಇನ್ನೊಂದು. ನಾಲ್ಕು ದಿನದಲ್ಲಿ ಒಳಗಿನ ಸಾಮಾನು ಬದಲಾಗಿದೆ. ಅಲ್ಲಿಂದಲೇ ಹಿರಿಯರಿಗೆ ಫೋನ್ ಮಾಡಿ, ಇಷ್ಟು ವರ್ಷ ಟೈಪ್ ಮಾಡಿದ ಅರ್ಜಿಗಳ ಭಾಷೆಯನ್ನೆಲ್ಲ ಅವರ ಮೇಲೆ ಸುರಿದೆ. ಕೊನೆಗೆ, ದೈವದ ಎದುರು ಸುಳ್ಳು ಹೇಳಿದಿರಿ ಎಂದೂ ಹೇಳಿಬಿಟ್ಟೆ. ಫೋನ್ ಕಟ್ಟಾಯಿತು.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಅವರ ಕಾರು ನಮ್ಮ ಅಂಗಳದಲ್ಲಿತ್ತು. ಬಿಳಿ ಪಂಚೆ, ಹೆಗಲಿಗೆ ಶಾಲು, ಸ್ನಾನ ಮಾಡಿ ಬಂದಿದ್ದರು. ಹೆಂಡತಿ ಬೆಲ್ಲ, ನೀರು ತಂದಿಟ್ಟಳು. ಅವರು ಮುಟ್ಟಲಿಲ್ಲ, ಕುಳಿತುಕೊಳ್ಳಲೂ ಇಲ್ಲ.

"ನಾನು ಗಾಡಿ ವಾಪಸ್ ತಗೊಳ್ಳಲಿಕ್ಕೆ ಬಂದದ್ದಲ್ಲ," ಎಂದರು. "ನೀವು ಸ್ನಾನ ಮಾಡಿ ಬನ್ನಿ. ಚಾವಡಿಗೆ ಹೋಗುವ. ನಾನು ಬದಲಾಯಿಸಲಿಲ್ಲ ಅಂತ ನಾನು ಹೇಳ್ತೇನೆ. ಬದಲಾಯಿಸಿದ್ದಾರೆ ಅಂತ ನೀವು ಹೇಳಿ. ಮತ್ತೆ ದೈವ ನೋಡಿಕೊಳ್ತದೆ."

ನನ್ನ ಸಂಶಯಕ್ಕೆ ಮೊದಲ ಬಾರಿಗೆ ಬೆವರು ಬಂತು. ಆದರೆ ಹಿಂದೆ ಸರಿದರೆ ಮರ್ಯಾದೆಯ ಪ್ರಶ್ನೆ. ಬರುತ್ತೇನೆ ಎಂದು ಹೇಳಿ, ಟವೆಲ್ ಹೆಗಲಿಗೆ ಹಾಕಿ ಬಚ್ಚಲಿಗೆ ಹೊರಟೆ. ಹೆಂಡತಿ ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತಳು.

"ಹೋಗಬೇಡಿ," ಎಂದಳು. "ಅವರು ಏನೂ ಮಾಡಲಿಲ್ಲ. ನಾನು ಮಾಡಿದ್ದು."

ಅವಳು ಹಿರಿಯರನ್ನೂ ನನ್ನನ್ನೂ ಗಾಡಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದಳು. ಹೆಬ್ಬೆರಳಿನ ಎಕ್ಸಲೇಟರಿನ ಡಬ್ಬಿಯ ಹಿಂದೆ ಒಂದು ಸಣ್ಣ ಸ್ಕ್ರೂ. ಹೊಸದಾಗಿ ಕಲಿಯುವವರು ಜೋರಾಗಿ ಓಡಿಸದ ಹಾಗೆ ಅದನ್ನು ಒಳಕ್ಕೆ ತಿರುಗಿಸಿ ಇಡಬಹುದು. ಆಗ ಎಕ್ಸಲೇಟರ್ ಪೂರ್ತಿ ಒತ್ತಲು ಆಗುವುದಿಲ್ಲ. ಪುಸ್ತಕದಲ್ಲಿ ಚಿತ್ರ ಸಮೇತ ಇತ್ತಂತೆ. ಶನಿವಾರ ನಾನು ಬಿ.ಸಿ.ರೋಡಿನಲ್ಲಿದ್ದಾಗ, ಹೊಲಿಗೆಯ ಮೆಷಿನಿನ ಸ್ಕ್ರೂಡ್ರೈವರ್ ತೆಗೆದುಕೊಂಡು ಅವಳು ಅದನ್ನು ಆಗುವಷ್ಟು ಒಳಕ್ಕೆ ತಿರುಗಿಸಿಟ್ಟಿದ್ದಳು.

ಹಿರಿಯರು ಸ್ಕ್ರೂವನ್ನೂ ಅವಳನ್ನೂ ನೋಡಿದರು. ಜಗಲಿಗೆ ಬಂದು ಕುಳಿತು, ಬೆಲ್ಲದ ಚೂರು ಬಾಯಿಗೆ ಹಾಕಿ ನೀರು ಕುಡಿದರು. ನಾನು ತಪ್ಪಾಯಿತು ಎಂದೆ. ಅವರು ಪಾತ್ರೆ ಕೆಳಗಿಟ್ಟು, "ನನ್ನ ಮೇಲೆ ಸಂಶಯಪಡಿ, ತೊಂದರೆ ಇಲ್ಲ. ವ್ಯಾಪಾರದಲ್ಲಿ ಅದು ಇರ್ತದೆ. ಅದಕ್ಕೆ ದೈವವನ್ನು ಎಳೀಬೇಡಿ ಮಾರಾಯ್ರೆ," ಎಂದು ಹೇಳಿ ಹೊರಟರು.

ಕಾರು ಹೋದ ಮೇಲೆ ನಾನು ಹೆಂಡತಿಯ ಮೇಲೆ ಹಾರಿಬಿದ್ದೆ. ನೀನೂ ಹಾಗೆಯೇ ಅಂದುಕೊಂಡೆಯಾ, ಕಾಲಿಲ್ಲದವನು ಬಿದ್ದು ಸಾಯುತ್ತಾನೆ ಅಂತ, ಹದಿನೆಂಟು ವರ್ಷ ನಾಟಕ ಮಾಡಿದೆಯಾ ಎಂದೆಲ್ಲ ಬಾಯಿಗೆ ಬಂದದ್ದು ಅಂದೆ.

"ನಿಮ್ಮ ಕಾಲಿನ ಹೆದರಿಕೆ ನನಗೆ ಯಾವತ್ತೂ ಇಲ್ಲ," ಎಂದಳು. "ಯಾರಾದರೂ ನೋಡ್ತಾ ಇದ್ದರೆ ನೀವು ನಿಲ್ಲಿಸುವುದಿಲ್ಲ. ಸ್ಕೂಟರಿನಲ್ಲಿ ಸಹ ಹಾಗೆಯೇ. ನಾಲ್ಕು ಜನ ಕಂಡ ಕೂಡಲೇ ಜೋರು ಮಾಡ್ತೀರಿ. ಹಿಂದೆ ಕೂತು ನಾನು ಎಷ್ಟು ಸಲ ಕಣ್ಣು ಮುಚ್ಚಿದ್ದೇನೆ, ನಿಮಗೆ ಗೊತ್ತುಂಟಾ? ಅಲ್ಲಿ ಗುಡ್ಡದಲ್ಲಿ ಹಿಂದೆ ಕೂತುಕೊಳ್ಳಲಿಕ್ಕೆ ನಾನಿಲ್ಲ."

ಜನ ನನಗೆ ಕನಿಕರ ತೋರಿಸುತ್ತಾರೋ ಎಂದು ಅವರ ಮುಖಗಳನ್ನು ಕಾಯುವುದರಲ್ಲೇ ನನ್ನ ಹೊತ್ತು ಹೋಗಿತ್ತು. ನನ್ನ ಬೆನ್ನ ಹಿಂದೆ ಒಬ್ಬಳು ಕಣ್ಣು ಮುಚ್ಚಿ ಕುಳಿತಿದ್ದು ನನಗೆ ಗೊತ್ತೇ ಆಗಿರಲಿಲ್ಲ. ನಾಚಿಕೆಯಾಯಿತು, ಸಿಟ್ಟೂ ಪೂರ್ತಿ ಹೋಗಲಿಲ್ಲ. ಅವಳೇ ಸ್ಕ್ರೂಡ್ರೈವರ್ ತಂದು ಸ್ಕ್ರೂವನ್ನು ಮೊದಲಿನ ಜಾಗಕ್ಕೆ ತಿರುಗಿಸಿದಳು. ಸ್ವಲ್ಪವಾದರೂ ಒಳಗೆ ಇಡುತ್ತಾಳೇನೋ ಎಂದು ಬಗ್ಗಿ ನೋಡಿದೆ. ಇಟ್ಟಿರಲಿಲ್ಲ.

ಮುಂದಿನ ಭಾನುವಾರ ಗಾಡಿ ನಾರಾವಿಯಲ್ಲಿ ಓಡಿದ ಹಾಗೆಯೇ ಓಡಿತು. ಮೊದಲನೆಯ ಏರು ದಾಟಿದೆ, ಎರಡನೆಯದೂ ದಾಟಿದೆ. ಪದವಿಗೆ ಸ್ವಲ್ಪ ಕೆಳಗೆ ಒಂದು ತಿರುವಿದೆ. ಎಡಬದಿಯಲ್ಲಿ ಕಲ್ಲು ತೆಗೆದ ಹಳೆಯ ಕೋರೆಯ ಹೊಂಡ, ಮಳೆ ನೀರು ಕೊರೆದು ದಾರಿ ಓರೆಯಾಗಿದೆ. ಮೇಲೆ ಗೆಳೆಯನೂ ಉಳಿದವರೂ ಬೈಕ್ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ನನ್ನ ಹೆಬ್ಬೆರಳು ತಾನಾಗಿ ಒತ್ತುತ್ತಾ ಇತ್ತು. ಎಡಬದಿಯ ಚಕ್ರ ಜಾರಿದ್ದು ತಿಳಿಯಿತು, ಆದರೂ ಒತ್ತುತ್ತಲೇ ಇದ್ದೆ. ಅವಳು ಹೇಳಿದ್ದು ಸುಳ್ಳಲ್ಲ ಎಂದು ಗೊತ್ತಾದದ್ದು ಅಲ್ಲಿ. ಬೆರಳು ತೆಗೆದೆ. ನಿಂತೆ. ನಾಲ್ಕು ಜನ ನೋಡುತ್ತಿರುವಾಗ, ಅರ್ಧ ಏರಿನಲ್ಲಿ.

ಗೆಳೆಯ ತಳ್ಳಲು ಇಳಿದು ಬರುತ್ತಿದ್ದ. ಬೇಡ ಎಂದು ಕೈ ಮಾಡಿ, ರಿವರ್ಸ್ ಹಾಕಿ ನಿಧಾನಕ್ಕೆ ಕೆಳಗೆ ಬಂದು, ಗುಡ್ಡದ ಬದಿಗೆ ಒತ್ತಿಕೊಂಡು ಇನ್ನೊಮ್ಮೆ ಹತ್ತಿದೆ. ಪದವಿನ ಮೇಲೆ ಗಾಳಿ ಜೋರಾಗಿತ್ತು. ಕುದುರೆಮುಖದ ಸಾಲು ಅರ್ಧ ಮೋಡದಲ್ಲಿತ್ತು. ನಾನು ಗಾಡಿ ಇಳಿದು ನನ್ನ ಎರಡೂ ಕಾಲಿನ ಮೇಲೆ ನಿಂತು ಬಹಳ ಹೊತ್ತು ನೋಡಿದೆ. ಅಳು ಬಂತು, ಹೆಲ್ಮೆಟ್ ತೆಗೆಯಲಿಲ್ಲ.

ಸಂಜೆ ಮನೆಗೆ ಬಂದಾಗ ಹೆಂಡತಿ ಯಾರದೋ ರವಿಕೆಗೆ ಗುಂಡಿ ಹಾಕುತ್ತಿದ್ದಳು. ಮೇಲೆ ಹೋದೆ ಎಂದೆ. ಏನು ಕಂಡಿತು ಎಂದು ಕೇಳಲಿಲ್ಲ.

"ನಡುವೆ ಎಲ್ಲಿಯಾದರೂ ನಿಲ್ಲಿಸಿದಿರಾ?" ಎಂದಳು.

ನಿಲ್ಲಿಸಿದೆ ಎಂದೆ. ಎಲ್ಲಿ, ಯಾರು ನೋಡಿದರು, ಯಾವ ತಿರುವಿನಲ್ಲಿ ಎಂದು ನಾನಾಗಿದ್ದರೆ ಹತ್ತು ಪ್ರಶ್ನೆ ಕೇಳಿ, ಆಮೇಲೆ ಗೆಳೆಯನಿಗೂ ಒಂದು ಫೋನ್ ಮಾಡುತ್ತಿದ್ದೆ. ಅವಳು ಹೌದಾ ಎಂದಳು, ದಾರ ಕಡಿದಳು, ಎದ್ದು ಹೋಗಿ ನನಗೆ ಚಾ ಇಟ್ಟಳು.