ಕಂಕುಳಲ್ಲಿ ಮಗು, ಬಾಯಲ್ಲಿ ಮಗ್ಗಿ

ಯುದ್ಧದ ಕಾಲ. ಹಲಸೂರಿನ ಹೆಣ್ಣುಮಕ್ಕಳ ಪ್ರೈಮರಿ ಶಾಲೆಗೆ ನಾನು ಹೆಡ್‌ಮಿಸ್ಟ್ರೆಸ್. ಪದವಿಯ ಹೆಸರೇನೋ ದೊಡ್ಡದು, ಶಾಲೆಗೆ ಇದ್ದದ್ದು ಎರಡು ಕೋಣೆ, ಒಂದು ಜಗಲಿ. ಮಿಲಿಟರಿ ಲಾರಿಗಳು ಹೋಗುವಾಗ ಪಾಠ ನಿಲ್ಲಿಸಿ ಕಾಯಬೇಕಿತ್ತು. ಅವಕ್ಕಿಂತ ಜೋರಾಗಿ ಅಳುವ ಕೂಸುಗಳು ತರಗತಿಯಲ್ಲೇ ಇದ್ದವು. ತಾಯಂದಿರು ಕೂಲಿಗೆ ಹೋಗುವವರು. ತಮ್ಮ-ತಂಗಿಯರನ್ನು ಎತ್ತಿಕೊಂಡು ಬರಬೇಡಿ ಎಂದರೆ ಹುಡುಗಿಯರೇ ಬರುತ್ತಿರಲಿಲ್ಲ. ಗೊಣಗುತ್ತಲೇ ಒಪ್ಪಿಕೊಂಡಿದ್ದೆ.

ನಾಲ್ಕನೇ ಕ್ಲಾಸಿನಲ್ಲಿ ಜೋಗುಪಾಳ್ಯದ ಹುಡುಗಿಯೊಬ್ಬಳಿದ್ದಳು. ಅವಳ ಕಂಕುಳಿಂದ ತಮ್ಮ ಇಳಿದದ್ದನ್ನೇ ನಾನು ಕಂಡಿರಲಿಲ್ಲ. ಅವನನ್ನು ಮಲಗಿಸಲು ಜೋಗುಳದ ಬದಲು ಮಗ್ಗಿ ಹೇಳುತ್ತಿದ್ದಳು. "ಇವನು ದೊಡ್ಡವನಾದ ಮೇಲೆ ಲೆಕ್ಕದ ಕ್ಲಾಸಲ್ಲಿ ನಿದ್ದೇನೇ ಮಾಡ್ತಾನೆ ನೋಡು" ಎಂದು ಛೇಡಿಸುತ್ತಿದ್ದೆ.

ಶಾಲಾ ಇನ್‌ಸ್ಪೆಕ್ಟರರ ಬಾಯಿಪರೀಕ್ಷೆಯ ಹಿಂದಿನ ದಿನ ಅವಳು ನನ್ನ ಮೇಜಿನ ಪಕ್ಕ ಬಂದು ನಿಂತಳು.

"ಟೀಚರಮ್ಮ, ಫೇಲಾದ್ರೆ ಸ್ಕೂಲು ಸಾಕು, ಮನೇಲಿ ಮಗು ನೋಡ್ಕೊಂಡಿರು ಅಂದ್ಬಿಟ್ರು ಅಪ್ಪ."

"ಇಪ್ಪತ್ತರ ಮಗ್ಗಿ ತನಕ ಬರುತ್ತಲ್ಲೇ ನಿಂಗೆ, ಹೋಗು" ಎಂದು ಗದರಿದೆ. ಒಳಗೊಳಗೇ ನನಗೂ ದಿಗಿಲು. ಅಂಥ ಹುಡುಗಿಯನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಪರೀಕ್ಷೆಯ ದಿನ ಅಡ್ಡಿಯಾಗದಿರಲೆಂದು ಕೂಸುಗಳನ್ನೆಲ್ಲ ಶಾಲೆಯ ಆಯಾಳ ಜೊತೆ ಜಗಲಿಯಲ್ಲಿ ಬಿಡಿಸಿದ್ದೆ. ಇನ್‌ಸ್ಪೆಕ್ಟರರು ಬಿಗಿ ಮುಖದವರು, ನಕ್ಕರೆ ತಮ್ಮ ಸಂಬಳ ಕಡಿತವಾಗುತ್ತದೇನೋ ಅನ್ನುವ ಹಾಗೆ. "ಹದಿಮೂರರ ಮಗ್ಗಿ ಹೇಳಮ್ಮ" ಎಂದರು. ಹುಡುಗಿ ಬರಿಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಲಂಗವನ್ನು ಹಿಂಡುತ್ತ ನಿಂತಳು. ಹೊರಗೆ ಅವಳ ತಮ್ಮ ರಚ್ಚೆ ಹಿಡಿದಿದ್ದ. ಇನ್‌ಸ್ಪೆಕ್ಟರರು ಫೇಲೆಂದು ಬರೆಯಲು ಪೆನ್ನಿನ ಮುಚ್ಚಳ ತೆಗೆದರು.

ನನ್ನಿಂದ ತಡೆಯಲಾಗಲಿಲ್ಲ. ಎದ್ದು ಹೋಗಿ ಆ ಮಗುವನ್ನು ತಂದು ಅವಳ ಸೊಂಟಕ್ಕೆ ಏರಿಸಿದೆ.

"ಏನಮ್ಮ ಇದು?" ಎಂದರು ಇನ್‌ಸ್ಪೆಕ್ಟರರು.

"ಈಗ ಕೇಳಿ ಸಾರ್" ಎಂದೆ. ನನ್ನ ಕೆಲಸ ಹೋದರೂ ಹೋಗಲಿ ಅನ್ನಿಸಿತ್ತು.

ಮಗು ಬಿಕ್ಕುತ್ತ ಅಕ್ಕನ ಹೆಗಲಿಗೆ ತಲೆಯಿಟ್ಟಿತು. ಅವಳ ಮೈ ತಾನಾಗಿ ತೂಗತೊಡಗಿತು.

"ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು..."

ಎಲ್ಲೂ ತಡವರಿಸದೆ ಮುಗಿಸಿ, ಕೇಳದಿದ್ದರೂ ಹದಿನಾಲ್ಕಕ್ಕೆ ಹೋದಳು. ನನಗೆ ಕಣ್ಣು ತುಂಬಿ ಬಂತು. ಹದಿನಾಲ್ಕು ಮುಗಿಯುವಷ್ಟರಲ್ಲಿ ಮಗುವಿಗೆ ನಿದ್ದೆ ಹತ್ತಿತ್ತು.

ಇನ್‌ಸ್ಪೆಕ್ಟರರು ಅದನ್ನೊಮ್ಮೆ ನೋಡಿದರು. ಮುಂದಿನ ಪ್ರಶ್ನೆಯನ್ನು ಪಿಸುದನಿಯಲ್ಲಿ ಕೇಳಿದರು. ಅವಳೂ ಪಿಸುದನಿಯಲ್ಲೇ ಉತ್ತರ ಹೇಳಿ ಐದನೇ ಕ್ಲಾಸಿಗೆ ಪಾಸಾದಳು.